ಕಡತದಲ್ಲಿ ಇಲ್ಲದ ಹಳ್ಳ

ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಮಲೆನಾಡಿನ ಊರೆಂದರೆ ಗೊತ್ತಲ್ಲ, ಇಲ್ಲಿ ಎರಡು ಮನೆ, ಅಲ್ಲಿ ಮೂರು ಮನೆ, ನಡುವೆ ತೋಟ, ಗದ್ದೆ, ಕಾಡು. ಊರಿನ ತಲೆಯ ಮೇಲೆ ಒಂದು ಹಕ್ಕಲು, ಅಂದರೆ ಸಾಗುವಳಿ ಮಾಡದ ಹುಲ್ಲಿನ ಜಾಗ, ಇದೆ. ಅದರ ಬೆನ್ನಿಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಕೆಳಗೆ ಮಳೆ ನೀರನ್ನೇ ನಂಬಿದ ಮಕ್ಕಿ ಗದ್ದೆ, ಇನ್ನೂ ಕೆಳಗೆ ಅಡಿಕೆ ತೋಟಗಳು. ಹಕ್ಕಲಿನ ನಡುವೆ ಒಂದು ಸಣ್ಣ ಹಳ್ಳ ಇಳಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ದರಗೆಲೆ ತುಂಬಿದ ಒಂದು ಕೊರಕಲು, ಅಷ್ಟೆ. ಜೂನ್ ಹಿಡಿದರೆ ಅದರ ಸದ್ದು ನಮ್ಮ ಜಗಲಿಗೆ ಕೇಳುತ್ತದೆ. ಹಳ್ಳದ ಬುಡದಲ್ಲಿ ಒಂದು ಒರತೆ ಇದೆ. ಅಲ್ಲಿಂದ 16 ಮನೆಗೆ ಅಬ್ಬಿ ನೀರು, ಅಂದರೆ ಇಳಿಜಾರಿನಲ್ಲಿ ತಾನಾಗಿ ಹರಿಯುವ ನೀರು, ಬರುತ್ತದೆ. ಮೊದಲು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ.

ಈ 6 ಎಕರೆ 14 ಗುಂಟೆ ಹಕ್ಕಲು ಲೇಔಟ್ ಆಗಲು ಹೊರಟಾಗ ನಡೆದದ್ದನ್ನು ಬರೆಯುತ್ತಿದ್ದೇನೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ಎಲ್ಲವೂ ನನ್ನ ಕಣ್ಣೆದುರೇ ಆಯಿತು. ಯಾರ ಹೆಸರನ್ನೂ ಹೇಳುವುದಿಲ್ಲ. ಏನು ನಡೆಯಿತು, ನಾವು ಎಲ್ಲಿ ಎಡವಿದೆವು ಅಂತ ಬೇರೆ ಊರಿನವರಿಗೆ ಗೊತ್ತಾದರೆ ಸಾಕು.

ಜಾಗ ಮಾರಿದವರ ಬಗ್ಗೆ ಮೊದಲು ಹೇಳಬೇಕು. ಊರಲ್ಲಿ ಜಾಸ್ತಿ ಬೈಸಿಕೊಂಡವರು ಅವರೇ. ಎಪ್ಪತ್ತು ದಾಟಿದ ಗಂಡ ಹೆಂಡತಿ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಎರಡು ವರ್ಷ ಫಸಲು ಕೈಗೆ ಹತ್ತಲಿಲ್ಲ. ಔಷಧಿ ಹೊಡೆಯಲು ಜನ ಸಿಗುತ್ತಿರಲಿಲ್ಲ. ಹಕ್ಕಲಿನಿಂದ ಅವರಿಗೆ ಒಂದು ಹೊರೆ ಹುಲ್ಲು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಕೊಳ್ಳುವವರೂ ಹೆಚ್ಚಾದರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಮೊದಲು ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರಿಗೆ ಆ ಬಾಗಿಲು ಮುಚ್ಚಿತ್ತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮಲೆನಾಡಿನಲ್ಲಿ ಒಂದು ಮನೆ ಇರಲಿ ಅನ್ನುವವರ ಕಾರುಗಳು ನಮ್ಮ ಮಣ್ಣು ರಸ್ತೆಗೂ ಬಂದವು. ಆ ದಂಪತಿ ಮಾರಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ನಮಗೆ ವಿಷಯ ಗೊತ್ತಾಗಿದ್ದು ಜೆಸಿಬಿ ಬಂದ ದಿನ. ಫೆಬ್ರವರಿ ತಿಂಗಳು. ಕೇಳಲು ಹೋದವರಿಗೆ ಮೇಸ್ತ್ರಿ ಫೈಲ್ ತೆಗೆದು ತೋರಿಸಿದ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನ್ಯಕ್ರಾಂತದ ಆದೇಶ ಬಂದು ಆರು ತಿಂಗಳಾಗಿತ್ತು. ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯಿಂದ ನಕ್ಷೆಗೆ ತಾತ್ಕಾಲಿಕ ಮಂಜೂರಾತಿಯೂ ಸಿಕ್ಕಿತ್ತು. 58 ನಿವೇಶನ, ಒಂದು ಪಾರ್ಕು, 30 ಅಡಿ ರಸ್ತೆಗಳು. ಪಂಚಾಯಿತಿ ಸದಸ್ಯರು ಹನ್ನೊಂದು ಜನ ಇದ್ದೆವು. ಒಬ್ಬರಿಗೂ ಇದರ ಸುಳಿವೇ ಇರಲಿಲ್ಲ.

ಇದು ಹೇಗೆ ಸಾಧ್ಯ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡೆ. ಕಾಯ್ದೆ ಓದಿದ ಮೇಲೆ ಗೊತ್ತಾಯಿತು. ಕೃಷಿ ಜಮೀನನ್ನು ಮನೆ ಕಟ್ಟಲು ಬದಲಾಯಿಸುವುದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಕೆಳಗೆ. ತೀರ್ಮಾನ ಜಿಲ್ಲಾಧಿಕಾರಿಗಳದ್ದು. ಶಿವಮೊಗ್ಗ, ಭದ್ರಾವತಿ ಸುತ್ತಿನ ಹಳ್ಳಿಗಳಾದರೆ ಅಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇದೆ, ಮಹಾಯೋಜನೆ ಇದೆ. ನಕ್ಷೆಯಲ್ಲಿ ಇದು ವಾಸಕ್ಕೆ, ಇದು ಕೃಷಿಗೆ ಅಂತ ಬಣ್ಣ ಹಚ್ಚಿರುತ್ತಾರೆ. ಬಣ್ಣ ಬದಲಾಗಬೇಕಾದರೆ ಜನರ ಆಕ್ಷೇಪಣೆ ಕೇಳಬೇಕು. ನಮ್ಮ ಊರು ಅಂಥ ಯಾವ ಯೋಜನಾ ಪ್ರದೇಶದೊಳಗೂ ಇಲ್ಲ. ನಮಗೆ ಬಣ್ಣವೇ ಇಲ್ಲ. ಒಂದೊಂದು ಸರ್ವೆ ನಂಬರನ್ನು ಒಂದೊಂದು ಅರ್ಜಿಯಾಗಿ ನೋಡಿ ತೀರ್ಮಾನ ಮಾಡುತ್ತಾರೆ. ಆ ಸರ್ವೆ ನಂಬರಿನ ಮೇಲೇನಿದೆ, ಕೆಳಗೇನಿದೆ ಅಂತ ಕೇಳುವ ಜಾಗ ಅರ್ಜಿಯಲ್ಲಿ ಇರುವುದಿಲ್ಲ.

ಇದರ ಬೇರು ಇನ್ನೂ ಆಳದಲ್ಲಿದೆ. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿ ಆದವು. ನಗರಸಭೆಗಳಿಗೆ ಕೊಡಬಹುದಾದ 18 ವಿಷಯಗಳ ಪಟ್ಟಿ 12ನೇ ಅನುಸೂಚಿಯಲ್ಲಿದೆ. ಅದರ ಎರಡನೆಯ ಸಾಲೇ ಭೂಬಳಕೆಯ ಮತ್ತು ಕಟ್ಟಡಗಳ ನಿಯಂತ್ರಣ. ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳು 11ನೇ ಅನುಸೂಚಿಯಲ್ಲಿವೆ. ಗ್ರಾಮೀಣ ವಸತಿ ಇದೆ, ಕುಡಿಯುವ ನೀರು ಇದೆ, ರಸ್ತೆ, ಮೋರಿ ಇದೆ. ಭೂಬಳಕೆಯ ನಿಯಂತ್ರಣ ಇಲ್ಲ. ಹಳ್ಳಿಯಲ್ಲಿ ಇರುವುದೇ ಭೂಮಿ. ಅದನ್ನು ಹೇಗೆ ಬಳಸಬೇಕು ಅನ್ನುವ ಮಾತಿಗೆ ಹಳ್ಳಿಯ ಪಂಚಾಯಿತಿಯನ್ನೇ ಕೂರಿಸಿಲ್ಲ. ಇದನ್ನು ಮೊದಲು ಓದಿದಾಗ ನನಗೆ ನಿಜವಾಗಿಯೂ ಬೇಜಾರಾಯಿತು.

ಹಾಗಾದರೆ ನಮ್ಮ ಕೈಯಲ್ಲಿ ಇದ್ದದ್ದೇನು? ಬಾಲದ ತುದಿ. ಲೇಔಟ್ ಆದ ಮೇಲೆ ನಿವೇಶನಗಳನ್ನು ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿಗೆ ಏರಿಸಿ ನಮೂನೆ 9 ಮತ್ತು 11-ಎ ಕೊಡುವುದು ಪಂಚಾಯಿತಿ. ಅದಿಲ್ಲದೆ ನಿವೇಶನ ನೋಂದಣಿ ಆಗುವುದಿಲ್ಲ. ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಮನೆ ಕಟ್ಟಲು ಪರವಾನಗಿ ಕೊಡುವುದೂ ಪಂಚಾಯಿತಿಯೇ. ಲೇಔಟಿನ ರಸ್ತೆ, ಪಾರ್ಕುಗಳನ್ನು ಪಂಚಾಯಿತಿಗೆ ಬಿಟ್ಟುಕೊಡುತ್ತಾರೆ. ಆಮೇಲೆ ಬೀದಿ ದೀಪ, ಕಸ, ನೀರು, ಕುಸಿದ ಧರೆ (ಇಳಿಜಾರಿನ ಮಣ್ಣಿನ ಗೋಡೆ) ಎಲ್ಲ ನಮ್ಮ ತಲೆಗೆ.

ಮಾರ್ಚಿನಲ್ಲಿ ಗ್ರಾಮ ಸಭೆ ಕರೆದರು. ಶಾಲೆಯ ಅಂಗಳ ತುಂಬಿತ್ತು. ಅಷ್ಟು ಜನ ಸೇರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ತೋಟದವರು ಮೊದಲು ಮಾತಾಡಿದರು. 58 ಮನೆ ಅಂದರೆ ಕೊಳಚೆ ನೀರಿನ 58 ಇಂಗುಗುಂಡಿ. ಅವೆಲ್ಲ ಒರತೆಯ ಮೇಲೆ. ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಬಿಡುತ್ತದೆ, ಕೊಳೆಯನ್ನೂ ಬಿಡುತ್ತದೆ. ಆಗುಂಬೆ, ಹುಲಿಕಲ್ಲಿನಷ್ಟು ಅಲ್ಲದಿದ್ದರೂ ನಮ್ಮಲ್ಲೂ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಇಳಿಜಾರನ್ನು ಕಡಿದು ಮಟ್ಟ ಮಾಡಿದರೆ ಧರೆ ನಿಲ್ಲುತ್ತದಾ? ಮಾತುಗಳು ಸರಿಯಾಗಿದ್ದವು. ನಾನೂ ಅದನ್ನೇ ಹೇಳಿದೆ.

ಲೇಔಟಿನವರ ಕಡೆಯಿಂದ ಒಬ್ಬರು ಬಂದಿದ್ದರು. ಮರ್ಯಾದೆಯಿಂದ ಮಾತಾಡಿದರು. ಮುಖ್ಯ ರಸ್ತೆಯಿಂದ ಊರಿನ ತನಕ ಡಾಂಬರು ಹಾಕಿಸುತ್ತೇವೆ, ಬಡವರಿಗೆ ಅಂತ ಪಂಚಾಯಿತಿಗೆ ಐದು ನಿವೇಶನ ಬಿಟ್ಟುಕೊಡುತ್ತೇವೆ ಅಂದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ತೋಟದ ಕೆಲಸಕ್ಕೆ ಹೋಗುವವರು, ಸ್ವಸಹಾಯ ಸಂಘದಲ್ಲಿ ಮುಂದೆ ನಿಲ್ಲುವವರು. ಅವರ ಅತ್ತೆ ಮಾವ ಶರಾವತಿ ಮುಳುಗಡೆಯಿಂದ ಎದ್ದು ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇತ್ತ ಕಡೆ ಲಾರಿಯಲ್ಲಿ ಬಂದು ಇಳಿದ ಎಷ್ಟೋ ಮನೆಗಳಲ್ಲಿ ಒಂದು.

“ಭಟ್ರೇ, ಗೌಡ್ರೇ, ನಿಮ್ಮ ನೀರಿನ ಕಷ್ಟ ನಮಗೂ ಅರ್ಥ ಆಗ್ತದೆ. ಆದ್ರೆ ನಮ್ಮ 23 ಮನೆಯವರು ಜಾಗ ಕೊಡಿ ಅಂತ ಎಷ್ಟು ವರ್ಷದಿಂದ ಅರ್ಜಿ ಹಾಕ್ತಾ ಇದೀವಿ? ಆಗ ಒಬ್ರೂ ಹಿಂಗೆ ಬಂದು ಕೂತಿರಲಿಲ್ಲ. ಆ ಐದು ಸೈಟ್ ನಮಗೆ ಬೇಕು.”

ಸಭೆ ಸುಮ್ಮನಾಯಿತು. ನನಗೆ ಉತ್ತರ ಹೊಳೆಯಲಿಲ್ಲ.

ಕೊನೆಗೆ ಪಂಚಾಯಿತಿಯಲ್ಲಿ ಆರಕ್ಕೆ ಐದು ಮತಗಳಿಂದ ಒಂದು ನಿರ್ಣಯ ಆಯಿತು. ಊರಿನ ಜನರ ವಿರೋಧ ಇರುವುದರಿಂದ ಈ ಲೇಔಟಿಗೆ ಇ-ಸ್ವತ್ತು ಕೊಡಬಾರದು. ಆರರಲ್ಲಿ ನಾನೂ ಒಬ್ಬ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವತ್ತೇ ಎಚ್ಚರಿಸಿದ್ದರು. “ಬರೀಬಹುದು ಸರ್, ಬರೀರಿ. ಆದ್ರೆ ಅನ್ಯಕ್ರಾಂತ ಆಗಿ, ನಕ್ಷೆ ಮಂಜೂರಾಗಿ ಬಂದದ್ದನ್ನ ಬೇಡ ಅನ್ನೋಕೆ ಕಾಯ್ದೆಯಲ್ಲಿ ಒಂದು ಕಾರಣ ಬೇಕು. ಜನ ವಿರೋಧ ಅಂದ್ರೆ ಅದು ನಿಲ್ಲಲ್ಲ.” ಆಗ ನಾವು ಅವರನ್ನೇ ಅನುಮಾನದಿಂದ ನೋಡಿದೆವು. ಅದು ತಪ್ಪು.

ಲೇಔಟಿನವರು ಮೇಲ್ಮನವಿ ಹೋದರು. ಜೂನ್ ಎರಡನೇ ವಾರ ನಮ್ಮ ನಿರ್ಣಯ ಬಿದ್ದುಹೋಯಿತು. ಯಾವ ನಿಯಮ ಮುರಿದಿದೆ ಅಂತ ನಾವು ಒಂದು ಸಾಲೂ ಬರೆದಿರಲಿಲ್ಲ. ಆದೇಶ ನಮ್ಮ ಕೈಗೆ ಬಂದ ಅದೇ ವಾರ ಜೋರು ಮಳೆ ಬಂತು. ಕಡಿದ ಧರೆಯ ಕೆಂಪು ಮಣ್ಣು ಹಳ್ಳಕ್ಕೆ ಇಳಿದು ಒರತೆ ಮುಚ್ಚಿತು. 16 ಮನೆಯ ನಲ್ಲಿಯಲ್ಲಿ ಮೂರು ದಿನ ಕೆಂಪು ನೀರು. ಕೆಳಗಿನ ಎರಡು ತೋಟಗಳ ಬಸಿಗಾಲುವೆ ಹೂತುಹೋಯಿತು. ನಾವು ಹೆದರಿದ್ದೇ ಆಗಿತ್ತು. ಆದರೆ ಕಡತದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ನಡುವೆ ಒಬ್ಬರು ಪಶ್ಚಿಮ ಘಟ್ಟದ ಅಧಿಸೂಚನೆ ತೋರಿಸಿ ತಡೆಯಿರಿ ಅಂದರು. 2014ರಿಂದ ಕೇಂದ್ರ ಸರ್ಕಾರ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ಆರನೆಯದು ಬಂದದ್ದು 2024ರ ಜುಲೈ 31ರಂದು. ಹೊಸನಗರ, ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ತಾಲ್ಲೂಕುಗಳ ಹಳ್ಳಿಗಳು ಅದರಲ್ಲಿವೆ. ಓದಿ ನೋಡಿದೆವು. ಅದು ಇನ್ನೂ ಕರಡು, ರಾಜ್ಯ ಸರ್ಕಾರ ಒಪ್ಪಿಲ್ಲ. ಒಪ್ಪಿದ್ದರೂ ಅದರ ನಿಷೇಧ ಶುರುವಾಗುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳಿಂದ. ಬಿಡಿ ಬಿಡಿ ಮನೆಗಳ ಆರು ಎಕರೆ ಲೇಔಟ್ ಅದರ ಬಲೆಗೆ ಬೀಳುವುದಿಲ್ಲ. ಆ ದಾರಿ ಬಿಟ್ಟೆವು.

ದಾರಿ ತೋರಿಸಿದ್ದು ಪಕ್ಕದ ಊರಿನ ಒಬ್ಬ ನಿವೃತ್ತ ಸರ್ವೆಯರ್. ನನ್ನ ತಂದೆಯ ಸ್ನೇಹಿತರು. “ಪಹಣಿ ಹಿಡ್ಕೊಂಡು ಕೂತ್ರೆ ಆಗಲ್ಲ ತಮ್ಮಾ. ಟಿಪ್ಪಣಿ, ಆಕಾರ್‌ಬಂದ್ ತೆಗೆಸು. ಹಳ್ಳ ಅಲ್ಲಿರ್ತದೆ” ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ಊರಿನವರಿಗೆ ನಮ್ಮ ಅನುಭವದಲ್ಲಿ ಕೆಲಸಕ್ಕೆ ಬರುವ ಭಾಗ ಇದೇ. ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ ಇರುತ್ತದೆ. ಅದರ ಕೆಳಗೆ ಖರಾಬು ಎರಡು ಬಗೆ. ಎ ಖರಾಬು ಅಂದರೆ ಬಂಡೆ, ಕೊರಕಲು ಇತ್ಯಾದಿ, ಸಾಗುವಳಿ ಆಗದ ಜಾಗ. ಬಿ ಖರಾಬು ಅಂದರೆ ಹಳ್ಳ, ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಬಿ ಖರಾಬು ಜಮೀನಿನ ಮಾಲೀಕನದ್ದಲ್ಲ, ಅದನ್ನು ಮಾರಲು ಅವನಿಗೆ ಹಕ್ಕಿಲ್ಲ. ನಮ್ಮ ಹಕ್ಕಲಿನ ಪಹಣಿಯಲ್ಲಿ ಬಿ ಖರಾಬು ಅನ್ನುವಲ್ಲಿ ಸೊನ್ನೆ ಇತ್ತು. ಅನ್ಯಕ್ರಾಂತದ ಅರ್ಜಿ ಪಹಣಿಯನ್ನು ನಂಬಿ ಹೋಗಿತ್ತು. ಆದರೆ ಪಹಣಿ ಬರುವುದಕ್ಕೂ ಮೊದಲು ಸರ್ವೆಯವರು ಜಮೀನನ್ನು ಅಳೆದು ಬರೆದಿಟ್ಟ ದಾಖಲೆಗಳು ಇರುತ್ತವೆ. ಅವು ಟಿಪ್ಪಣಿ ಪುಸ್ತಕ ಮತ್ತು ಆಕಾರ್‌ಬಂದ್. ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಹಾಕಿದರೆ ನಕಲು ಕೊಡುತ್ತಾರೆ.

ನಕಲು ಬರಲು 20 ದಿನ ಹಿಡಿಯಿತು. ಟಿಪ್ಪಣಿಯಲ್ಲಿ ಹಳ್ಳ ಇತ್ತು. ಸುಮಾರು 800 ಅಡಿ ಉದ್ದ, 15 ಅಡಿ ಅಗಲ. ಆಕಾರ್‌ಬಂದ್‌ನಲ್ಲಿ ಬಿ ಖರಾಬು 11 ಗುಂಟೆ. ಗ್ರಾಮ ನಕ್ಷೆಯಲ್ಲೂ ಹಳ್ಳದ ಗೆರೆ ಸ್ಪಷ್ಟ. ಆಮೇಲೆ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಅದೇ ಜಾಗದಲ್ಲಿ ನಿಂತು ನೋಡಿದೆ, ಅಲ್ಲೂ ಗೆರೆ ಇತ್ತು. ಎಷ್ಟೋ ವರ್ಷಗಳ ಹಿಂದೆ ಪಹಣಿ ಬರೆಯುವಾಗ ಯಾರೋ ಬಿಟ್ಟುಬಿಟ್ಟ ಒಂದು ಅಂಕಿ. ಮಂಜೂರಾದ ನಕ್ಷೆಯಲ್ಲಿ ಆ ಹಳ್ಳದ ಮೇಲೆ ಒಂದು ರಸ್ತೆ ಮತ್ತು ಒಂಬತ್ತು ನಿವೇಶನ ಬಂದಿದ್ದವು.

ಈ ಸಲ ಕೂಗಾಡಲಿಲ್ಲ. ಎರಡು ಪುಟದ ಅರ್ಜಿ ಬರೆದೆವು. ನಕಲುಗಳನ್ನು ಲಗತ್ತಿಸಿದೆವು. ಜಿಲ್ಲಾಧಿಕಾರಿಗಳಿಗೆ, ತಹಶೀಲ್ದಾರರಿಗೆ, ಯೋಜನೆ ಇಲಾಖೆಗೆ ಕಳಿಸಿದೆವು. ಲೇಔಟ್ ಬೇಡ ಅಂತ ಅದರಲ್ಲಿ ಎಲ್ಲೂ ಬರೆಯಲಿಲ್ಲ. ಹಳ್ಳ ಸರ್ಕಾರದ್ದು, ನಕ್ಷೆಯಲ್ಲಿ ಅದು ಕಾಣೆಯಾಗಿದೆ, ಸ್ಥಳ ತನಿಖೆ ಆಗಲಿ ಅಂತ ಮಾತ್ರ ಕೇಳಿದೆವು. ಅಂತಿಮ ಮಂಜೂರಾತಿ ಇನ್ನೂ ಬಾಕಿ ಇದ್ದದ್ದು ನಮ್ಮ ಪುಣ್ಯ.

ಆಗಸ್ಟಿನಲ್ಲಿ ಜಂಟಿ ಸ್ಥಳ ತನಿಖೆಗೆ ಬಂದರು. ಕಂದಾಯ, ಸರ್ವೆ, ಯೋಜನೆ ಇಲಾಖೆಯವರು, ಲೇಔಟಿನವರು, ನಾವು. ಅವತ್ತು ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಹಕ್ಕಲಿನ ನಡುವೆ ಮೊಣಕಾಲು ಮಟ್ಟ ನೀರು ಸುರಿಯುತ್ತಿತ್ತು. ಒಬ್ಬ ಅಧಿಕಾರಿ ಕೊಡೆ ಹಿಡಿದು ದಂಡೆಯ ಮೇಲೆ ತುಂಬಾ ಹೊತ್ತು ನಿಂತರು. ಆಮೇಲೆ “ಇದು ಬೇಸಿಗೇಲಿ ಕಾಣಲ್ಲ ಅಲ್ವಾ?” ಅಂದರು. ಅಷ್ಟು ಸಾಕಾಯಿತು.

ನಕ್ಷೆ ತಿದ್ದುಪಡಿಗೆ ಐದು ತಿಂಗಳು ಬೇಕಾಯಿತು. ಲೇಔಟಿನವರೂ ಜಗಳ ಮುಂದುವರಿಸಲಿಲ್ಲ. ಹಾಕಿದ ದುಡ್ಡು ಸಿಕ್ಕಿಹಾಕಿಕೊಂಡಿತ್ತು, ಅವರಿಗೂ ಬೇಗ ಮುಗಿಯಬೇಕಿತ್ತು. 58 ನಿವೇಶನ 44 ಆಯಿತು. ಹಳ್ಳವನ್ನು ಅದರ ಪಾತ್ರದಲ್ಲೇ ಬಿಟ್ಟು ಎರಡೂ ಬದಿ ಖಾಲಿ ಜಾಗ ಇಟ್ಟರು. ಪಾರ್ಕನ್ನು ಮೂಲೆಯಿಂದ ತೆಗೆದು ಹಳ್ಳದ ದಂಡೆಗೆ ತಂದರು. ಇದು ನಮ್ಮ ಪಿಡಿಒ ಕೊಟ್ಟ ಸಲಹೆ, ನನಗೆ ತುಂಬಾ ಹಿಡಿಸಿತು. ಒರತೆಗೆ ಹತ್ತಿರದ ಏಳು ಮನೆಗಳಿಗೆ ಬೇರೆ ಬೇರೆ ಇಂಗುಗುಂಡಿ ಬೇಡ, ಇಳಿಜಾರಿನ ಆಚೆ ಕಡೆಗೆ ಒಂದೇ ಕಡೆ ಕೊಳಚೆ ನೀರು ಹೋಗಲಿ ಅಂತ ಕೇಳಿದೆವು. ಅದಕ್ಕೆ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಕಾಗದದಲ್ಲಿ ಇನ್ನೂ ಬಂದಿಲ್ಲ. ಕಟ್ಟಡ ಪರವಾನಗಿ ಕೊಡುವಾಗ ಪಂಚಾಯಿತಿ ಇದನ್ನು ಷರತ್ತಾಗಿ ಹಾಕಬಹುದು, ಹಾಕಲೇಬೇಕು.

ನಿವೇಶನ ಕಡಿಮೆಯಾದ ಮೇಲೆ ಲೇಔಟಿನವರು ಬಡವರಿಗೆ ಅಂದಿದ್ದ ಐದು ಸೈಟಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಅದೂ ಬಾಯಿಮಾತೇ ಆಗಿತ್ತು. ತೋಟದವರ ನೀರು ಉಳಿಯಿತು, ಆ 23 ಮನೆಯವರ ಪಾಲು ಹೋಯಿತು. ಹೀಗೆ ಬರೆಯುವಾಗ ನನಗೆ ಸಂಕಟ ಆಗುತ್ತದೆ. ಆದರೆ ಆಗಿದ್ದು ಹಾಗೇ.

ಅವರಿಗೆ ಯಾಕೆ ಜಾಗ ಸಿಗುವುದಿಲ್ಲ ಅನ್ನುವುದನ್ನೂ ನೋಡಬೇಕು. ಸರ್ಕಾರದ ವಸತಿ ಯೋಜನೆ ಯಾವುದೇ ಇರಲಿ, ಬಸವ ವಸತಿ ಇರಲಿ, ಪ್ರಧಾನಮಂತ್ರಿ ಆವಾಸ್ ಇರಲಿ, ಮನೆ ಕಟ್ಟಲು ದುಡ್ಡು ಬರಬೇಕಾದರೆ ಮೊದಲು ಜಾಗಕ್ಕೆ ಹಕ್ಕುಪತ್ರ ಬೇಕು. ಸರ್ಕಾರಿ ಜಾಗದಲ್ಲಿ ಆಗಲೇ ಕಟ್ಟಿಕೊಂಡ ಮನೆಗೆ ಭೂಕಂದಾಯ ಕಾಯ್ದೆಯ 94-ಸಿ ಅಡಿ ಹಕ್ಕುಪತ್ರ ಕೊಡಬಹುದು. ಆದರೆ ಆ ಜಾಗ ಅರಣ್ಯ ಆಗಿರಬಾರದು. ಮಲೆನಾಡಿನಲ್ಲಿ ಗಂಟು ಬೀಳುವುದೇ ಇಲ್ಲಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಏನೇ ಇರಲಿ, ಕಾಡಿನ ಹಾಗಿರುವುದೆಲ್ಲ ಕಾಡು ಅಂದಿತು. ಆಮೇಲೆ ಕಂದಾಯ ಭೂಮಿಯಲ್ಲೂ ಡೀಮ್ಡ್ ಅರಣ್ಯದ, ಅಂದರೆ ಅರಣ್ಯ ಅಂತ ಪರಿಗಣಿಸಿದ ಜಾಗಗಳ, ಪಟ್ಟಿ ಆಯಿತು. 2022ರಲ್ಲಿ ರಾಜ್ಯ ಸರ್ಕಾರ ಆ ಪಟ್ಟಿಯನ್ನು ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿತು. ನಮ್ಮ ಊರಿನ ಗೋಮಾಳದ ಒಂದು ಭಾಗ ಮೊದಲಿನ ಪಟ್ಟಿಯಲ್ಲಿತ್ತು. ಈಗ ಇದೆಯೋ ಇಲ್ಲವೋ ಅನ್ನುವುದಕ್ಕೆ ಅರಣ್ಯದವರದ್ದು ಒಂದು ನಕ್ಷೆ, ಕಂದಾಯದವರದ್ದು ಇನ್ನೊಂದು.

ಅಷ್ಟೇ ಆಗಿದ್ದರೆ ಸರ್ಕಾರದ ಮೇಲೆ ಹಾಕಿ ಸುಮ್ನೆ ಕೂರಬಹುದಿತ್ತು. ಉಳಿದ ಗೋಮಾಳದಲ್ಲಿ ತೋಟದವರ ಬೇಲಿಗಳಿವೆ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಗು ತರುವ ಸೌಲಭ್ಯ ನಮಗಿದೆ, ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಕಾಯುತ್ತದೆ. ಆದರೆ ಆ ಕಲಂ ಗೋಮಾಳಕ್ಕೆ ಬೇಲಿ ಹಾಕಲು ಹೇಳುವುದಿಲ್ಲ. ನಮ್ಮ ದೊಡ್ಡಪ್ಪನ ಕಾಲದಲ್ಲಿ ಹಾಕಿದ ಬೇಲಿಯೊಳಗೆ ಸುಮಾರು 18 ಗುಂಟೆ ಇತ್ತು. ಅದನ್ನು ಅನುಭವಿಸುತ್ತಿರುವವನು ನಾನು. ಗ್ರಾಮ ಸಭೆಯಲ್ಲಿ ಆ ಅಕ್ಕ ಎದ್ದು ನಿಂತಾಗ ನನಗೆ ಉತ್ತರ ಹೊಳೆಯದೇ ಇದ್ದದ್ದು ಇದಕ್ಕೇ.

ಆ ವರ್ಷದ ಕೊನೆಗೆ ನಾನು ಬೇಲಿ ತೆಗೆಸಿ ಪಂಚಾಯಿತಿಗೆ ಪತ್ರ ಕೊಟ್ಟೆ. ನನ್ನ ಜೊತೆ ಇನ್ನೊಬ್ಬರು ಕೊಟ್ಟರು. ಇಬ್ಬರದ್ದೂ ಸೇರಿ ಒಂದು ಎಕರೆಗೆ ಎರಡು ಗುಂಟೆ ಕಡಿಮೆ. ಗೋಮಾಳದಲ್ಲಿ ಬೇಲಿ ಇರುವ ಉಳಿದ ನಾಲ್ವರು ನಮ್ಮ ಮೇಲೆ ಸಿಟ್ಟಾಗಿದ್ದಾರೆ, ಮಾತು ಬಿಟ್ಟಿದ್ದಾರೆ. ಒಬ್ಬರ ಮಗನ ಮದುವೆಗೆ ನಮ್ಮ ಮನೆಗೆ ಕರೆ ಬರಲಿಲ್ಲ. 38 ಗುಂಟೆಯಲ್ಲಿ ದಾರಿ, ಚರಂಡಿ ಬಿಟ್ಟು 30×40 ಅಡಿಯ ನಿವೇಶನ ಮಾಡಿದರೆ 20ರ ಮೇಲೆ ಆಗುತ್ತದೆ ಅಂತ ನಿವೃತ್ತ ಸರ್ವೆಯರ್ ಲೆಕ್ಕ ಹಾಕಿ ತೋರಿಸಿದರು.

ಈ ಸಲದ ನಿರ್ಣಯವನ್ನು ಪಿಡಿಒ ಹೇಳಿಕೊಟ್ಟ ಹಾಗೆ ಬರೆದೆವು. ಸರ್ವೆ ನಂಬರ್, ವಿಸ್ತೀರ್ಣ, ಊರಿನ ಜಾನುವಾರು ಎಷ್ಟು, ನಿಯಮದಂತೆ 100 ಜಾನುವಾರಿಗೆ 30 ಎಕರೆ ಗೋಮಾಳ ಬಿಟ್ಟ ಮೇಲೂ ಈ ಜಾಗ ಉಳಿಯುತ್ತದೆ ಅನ್ನುವ ಲೆಕ್ಕ, ನಿವೇಶನ ಇಲ್ಲದವರ ಪಟ್ಟಿ, ಎಲ್ಲವೂ ಅದರಲ್ಲಿವೆ. ಹನ್ನೊಂದರಲ್ಲಿ ಎಂಟು ಜನ ಕೈ ಎತ್ತಿದರು. ಮೊದಲ ನಿರ್ಣಯದ ದಿನ ನನ್ನ ಎದುರು ಮತ ಹಾಕಿದ್ದ ಐವರೂ ಅದರಲ್ಲಿದ್ದರು. ಜಾಗದ ಮೇಲಿನ ಕಾಡುಮರಗಳನ್ನೂ ಎಣಿಸಿ ಬರೆದಿದ್ದೇವೆ, ಆಮೇಲೆ ಅದೊಂದು ತಕರಾರು ಬರಬಾರದು ಅಂತ.

ಕಡತ ಈಗ ಉಪವಿಭಾಗಾಧಿಕಾರಿ ಕಚೇರಿಯಲ್ಲಿದೆ. ಅರಣ್ಯ ಮತ್ತು ಕಂದಾಯದವರ ಜಂಟಿ ಸರ್ವೆಯನ್ನು ಮಳೆ ಮುಗಿದ ಮೇಲೆ ಮಾಡುತ್ತೇವೆ ಅಂದಿದ್ದಾರೆ. ಮಳೆಯಲ್ಲೇ ಬನ್ನಿ ಅಂತ ಬರೆದಿದ್ದೇವೆ. ಮೇಲಿನ ಲೇಔಟಿನಲ್ಲಿ ಆರು ಮನೆಗಳ ಪಾಯ ಎದ್ದಿದೆ. ಹಳ್ಳದಲ್ಲಿ ನೀರು ತಿಳಿಯಾಗಿದೆ. ಆ ಅಕ್ಕ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಆಕಾರ್‌ಬಂದ್ ನಕಲಿಗೆ ಅರ್ಜಿ ಬರೆಯುವುದು ಹೇಗೆ ಅಂತ ಕೇಳಿದರು. ಇಬ್ಬರೂ ಜಗಲಿಯಲ್ಲಿ ಕೂತು ಗೋಮಾಳದ ಸರ್ವೆ ನಂಬರ್ ಹಾಕಿ ಅರ್ಜಿ ಬರೆದೆವು. ಸಹಿ ಅವರದ್ದೇ.